ಒಂದೇ ಸುಳಿಯ ಮರದಿಂದ ಸಾವಿರ ಸಸಿ: ಎಣ್ಣೆ ತಾಳೆಯ ಅಂಗಾಂಶ ಕೃಷಿ ನಡೆಯುವ ಬಗೆ, ಎಡವುವ ಜಾಗ

ಅರಸೀಕೆರೆ ಕಡೆ ತೆಂಗು ಬೆಳೆಯುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ದುಂಬಿ ಸುಳಿ ಕೊರೆದು ಒಳಗಿನ ಮೊನೆಯನ್ನೇ ತಿಂದರೆ, ಇಲ್ಲವೇ ಮಳೆಗಾಲದಲ್ಲಿ ಸುಳಿ ಕೊಳೆತು ಎಳೆದರೆ ಕೈಗೆ ಬಂದರೆ, ಆ ಮರದ ಆಸೆ ಬಿಟ್ಟಂತೆಯೇ. ಬುಡದಲ್ಲಿ ಕಂದು ಬರುವುದಿಲ್ಲ, ಕಾಂಡದಲ್ಲಿ ಕವಲು ಒಡೆಯುವುದಿಲ್ಲ. ಮರಕ್ಕೆ ಇರುವುದು ಒಂದೇ ಸುಳಿ. ಭದ್ರಾ ಅಚ್ಚುಕಟ್ಟಿನಲ್ಲಿ ಅಡಿಕೆ, ತೆಂಗಿನ ಜೊತೆ ಅಲ್ಲಲ್ಲಿ ಕಾಣುವ ಎಣ್ಣೆ ತಾಳೆಗೂ ಅದೇ ಗುಣ. ಹಾಗಾಗಿ ತೋಟದಲ್ಲಿ ಒಂದು ತಾಳೆ ಮರ ಉಳಿದೆಲ್ಲಕ್ಕಿಂತ ಹೆಚ್ಚು ಗೊನೆ ಬಿಟ್ಟರೂ ಅದರದೇ ಇನ್ನೊಂದು ಮರ ಮಾಡಿಕೊಳ್ಳುವ ಸುಲಭ ದಾರಿ ಇಲ್ಲ. ರೋಬಸ್ಟಾ ಕಾಫಿಯಂತೆ ಕಡ್ಡಿ ನೆಡಲಾಗದು, ಮಾವಿನಂತೆ ಕಸಿ ಕಟ್ಟಲಾಗದು, ಬಾಳೆಯಂತೆ ಕಂದು ಕೀಳಲಾಗದು. ಉಳಿದಿರುವುದು ಪ್ರಯೋಗಾಲಯದ ದಾರಿಯೊಂದೇ.

ಅಂಗಾಂಶ ಕೃಷಿ, ಅಂದರೆ ಟಿಶ್ಯೂ ಕಲ್ಚರ್ ಎಂದರೆ ನಮ್ಮ ಕಡೆ ತಕ್ಷಣ ನೆನಪಾಗುವುದು ಜಿ-9 ಬಾಳೆ. ಹಾಸನದವರಿಗೆ ಆಲೂಗಡ್ಡೆಯೂ ಗೊತ್ತು: ಜಲಂಧರ್‌ನಿಂದ ಬರುವ ಬಿತ್ತನೆ ಗಡ್ಡೆಯನ್ನೇ ನೆಚ್ಚಿಕೊಳ್ಳುವ ಬದಲು, ಅಂಗಾಂಶ ಕೃಷಿಯ ತಾಯಿ ಗಿಡದಿಂದ ಕುಡಿ ಚಿವುಟಿ ಬೇರು ಬರಿಸಿದ ಸಸಿ ನೆಡುವ ಪದ್ಧತಿ. ಈ ಎರಡರಲ್ಲೂ ನಡೆಯುವುದು ಒಂದೇ ಕೆಲಸ. ಗಿಡದಲ್ಲಿ ಮೊದಲೇ ಇರುವ ಮೊಗ್ಗನ್ನು ತೆಗೆದು, ಅದನ್ನು ಒಂದರಿಂದ ನಾಲ್ಕು, ನಾಲ್ಕರಿಂದ ಹದಿನಾರು ಮಾಡುತ್ತಾ ಹೋಗುವುದು. ಮೊಗ್ಗು ಮೊಗ್ಗಾಗಿಯೇ ಇರುತ್ತದೆ. ತಾಳೆಯಲ್ಲಿ ಹಾಗಲ್ಲ. ಎಳೆ ಎಲೆಯ ತುಂಡನ್ನು ಮೊದಲು ಆಕಾರವೇ ಇಲ್ಲದ ಗಂಟಾಗಿಸಬೇಕು, ಆ ಗಂಟಿನಿಂದ ಬೀಜವಿಲ್ಲದೆಯೇ ಭ್ರೂಣ ಹುಟ್ಟಿಸಬೇಕು, ಆಮೇಲೆ ಆ ಭ್ರೂಣವನ್ನು ಮೊಳೆಸಬೇಕು. ತಾಳೆ ಸಸಿ ಕೊಂಡವರಿಗೆ ನಾಲ್ಕೈದು ವರ್ಷದ ನಂತರ ಎದುರಾಗಬಹುದಾದ ದೊಡ್ಡ ತೊಂದರೆಯ ಬೀಜ ಬೀಳುವುದು ಈ ಸುತ್ತುದಾರಿಯಲ್ಲೇ.

ಬೀಜದ ಸಸಿ ಇರುವಾಗ ಇದೇಕೆ?

ಎಣ್ಣೆ ತಾಳೆಯ ಕಾಯಿಯನ್ನು ಅಡ್ಡ ಕೊಯ್ದು ನೋಡಿದರೆ ಮೂರು ಬಗೆ ಕಾಣುತ್ತವೆ. ದಪ್ಪ ಕರಟ, ತೆಳುವಾದ ತಿರುಳು ಇರುವುದು ಡ್ಯೂರಾ. ಕರಟವೇ ಇಲ್ಲದ್ದು ಪಿಸಿಫೆರಾ. ಇದರ ಹೆಣ್ಣು ಹೂವು ಬಹುಮಟ್ಟಿಗೆ ಬಂಜೆ, ಗೊನೆ ಹಣ್ಣಾಗುವ ಮೊದಲೇ ಒಣಗುತ್ತದೆ. ಇವೆರಡನ್ನೂ ಕೂಡಿಸಿದರೆ ಬರುವುದು ತೆನೆರಾ: ತೆಳು ಕರಟ, ದಪ್ಪ ತಿರುಳು, ಹೆಚ್ಚು ಎಣ್ಣೆ. ಕರಟದ ದಪ್ಪವನ್ನು ಆಳುವುದು ಒಂದೇ ವಂಶವಾಹಿ ಎಂದು 1941ರಲ್ಲಿ ಬೆಲ್ಜಿಯನ್ ಕಾಂಗೋದಲ್ಲಿ ಗೊತ್ತಾಯಿತು. ಆ ವಂಶವಾಹಿ ಯಾವುದೆಂದು ಮಲೇಷ್ಯಾದ ತಾಳೆ ಎಣ್ಣೆ ಮಂಡಳಿಯ ತಂಡ 2013ರಲ್ಲಿ ಗುರುತಿಸಿತು. ಇಂದು ರೈತರ ಕೈಗೆ ಬರುವ ಸಸಿ ಬಹುಪಾಲು ತೆನೆರಾ ಬೀಜದ್ದೇ. ತೋಟದಲ್ಲಿ ಉದುರಿದ ಕಾಯಿ ಮೊಳೆತ ಸಸಿಯನ್ನು ಎತ್ತಿ ನೆಡಬೇಡಿ ಎಂದು ಹೇಳುವುದಕ್ಕೂ ಇದೇ ಕಾರಣ. ತೆನೆರಾಕ್ಕೆ ತೆನೆರಾ ಕೂಡಿದಾಗ ನಾಲ್ಕರಲ್ಲಿ ಒಂದು ಡ್ಯೂರಾ, ಒಂದು ಪಿಸಿಫೆರಾ ಆಗುತ್ತದೆ. ಸಸಿಯಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ.

ಒಳ್ಳೆಯ ತೆನೆರಾ ಬೀಜವಾದರೂ ಒಂದೊಂದು ಸಸಿಯೂ ಬೇರೆ ಬೇರೆಯೇ, ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಇರುವಂತೆ. 9 ಮೀಟರ್ ತ್ರಿಕೋನ ಪದ್ಧತಿಯಲ್ಲಿ ಹೆಕ್ಟೇರಿಗೆ 143 ಮರ ಕೂರುತ್ತವೆ, ಎಕರೆಗೆ 57. ಆ 143ರಲ್ಲಿ ಕೆಲವು ಬಹಳ ಚೆನ್ನಾಗಿ ಬಿಡುತ್ತವೆ, ಕೆಲವು ಜಾಗಕ್ಕೆ ದಂಡ. ಎಲ್ಲವೂ ಆ ಚೆನ್ನಾದ ಮರದಂತೆಯೇ ಆದರೆ ಎಣ್ಣೆ ನೂರಕ್ಕೆ 20ರಿಂದ 30ರಷ್ಟು ಹೆಚ್ಚಬಹುದು ಎಂಬ ಲೆಕ್ಕದ ಮೇಲೆ 1970ರ ದಶಕದಲ್ಲಿ ಬ್ರಿಟನ್ ಮತ್ತು ಫ್ರಾನ್ಸಿನ ಪ್ರಯೋಗಾಲಯಗಳು ಈ ಕೆಲಸಕ್ಕೆ ಇಳಿದವು. ಮರ ನೆಟ್ಟರೆ ಇಪ್ಪತ್ತೈದು ಮೂವತ್ತು ವರ್ಷ ತೋಟದಲ್ಲಿರುತ್ತದೆ. 2021ರಲ್ಲಿ ಶುರುವಾದ ತಾಳೆಯ ರಾಷ್ಟ್ರೀಯ ಮಿಷನ್ ಸಸಿಗೆ ಕೊಡುವ ನೆರವನ್ನು ಹೆಕ್ಟೇರಿಗೆ 12,000ದಿಂದ 29,000 ರೂಪಾಯಿಗೆ ಏರಿಸಿದ್ದು ಒಳ್ಳೆಯದೇ. ಆದರೆ ನೆರವು ಸಿಗುವುದು ನೆಡುವ ವರ್ಷ, ಸಸಿ ತಪ್ಪಿದ್ದರೆ ನಷ್ಟ ಕಾಲು ಶತಮಾನದ್ದು.

ತಾಯಿ ಮರದ ಆಯ್ಕೆ

ಯಾವ ಮರದಿಂದ ಅಂಗಾಂಶ ತೆಗೆಯುತ್ತೇವೋ ಅದನ್ನು ಆರ್ಟೆಟ್ ಎನ್ನುತ್ತಾರೆ, ಅದರಿಂದ ಬಂದ ಸಸಿಯನ್ನು ರ‍್ಯಾಮೆಟ್. ಇಲ್ಲಿ ತಾಯಿ ಮರ, ತದ್ರೂಪಿ ಎಂದೇ ಕರೆಯೋಣ. ತಾಯಿ ಮರದ ಆಯ್ಕೆಗೆ ನಾಲ್ಕೈದು ವರ್ಷವಾದರೂ ಆ ಒಂದು ಮರದ ಗೊನೆಗಳನ್ನು ಬೇರೆಯಾಗಿ ತೂಗಿ ಬರೆದ ದಾಖಲೆ ಬೇಕು. ಗೊನೆಯನ್ನು ಬಿಡಿಸಿ ಕಾಯಿ ಎಷ್ಟು, ಕಾಯಿಯಲ್ಲಿ ತಿರುಳು ಎಷ್ಟು, ತಿರುಳಿನಲ್ಲಿ ಎಣ್ಣೆ ಎಷ್ಟು ಎಂಬ ವಿಶ್ಲೇಷಣೆಯೂ ಬೇಕು. ಈ ಎರಡರಲ್ಲಿ ಎಣ್ಣೆಯ ಅಂಶವನ್ನು ಹೆಚ್ಚು ನಂಬಬಹುದು. ಗೊನೆಯ ಒಟ್ಟು ತೂಕ ಹೆಚ್ಚಾಗಿ ಜಾಗದ ಮೇಲೆ ನಿಂತಿರುತ್ತದೆ. ಕಾಲುವೆ ಪಕ್ಕದ ಸಾಲಿನ ಮರಕ್ಕೆ ನೀರೂ ಹೆಚ್ಚು, ಬಿಸಿಲೂ ಹೆಚ್ಚು. ಪಕ್ಕದ ಎರಡು ಮರ ಸತ್ತು ಜಾಗ ಬಿಟ್ಟಿದ್ದರೆ ಇನ್ನೂ ಹೆಚ್ಚು. ಆ ಮರವನ್ನು ತದ್ರೂಪಿ ಮಾಡಿದರೆ ಬರುವುದು ಅದರ ವಂಶವಾಹಿ ಮಾತ್ರ, ಕಾಲುವೆ ಜೊತೆಗೆ ಬರುವುದಿಲ್ಲ. ಹಾಗಾಗಿ ತದ್ರೂಪಿಯನ್ನು ಹೊಲದಲ್ಲಿ ಬೀಜದ ಸಸಿಯ ಪಕ್ಕ ನೆಟ್ಟು ಹೋಲಿಸದೆ ಅದು ಶ್ರೇಷ್ಠ ಎನ್ನುವುದು ಬರೀ ಮಾತು.

ಅಂಗಾಂಶ ತೆಗೆಯುವುದು ಸುಳಿಯ ಒಳಗಿನ, ಇನ್ನೂ ಬಿಚ್ಚದ ಬಿಳಿ ಎಲೆಗಳ ಕೊಳವೆಯಿಂದ. ಬೇರಿನ ತುದಿ, ಎಳೆ ಹೂಗೊಂಚಲುಗಳಿಂದಲೂ ಮಾಡುತ್ತಾರೆ, ಆದರೆ ಹೆಚ್ಚು ಬಳಕೆಯಲ್ಲಿರುವುದು ಎಲೆ. ಮರವನ್ನೇ ಕಡಿದು ತೆಗೆಯಬಹುದು. ಇಲ್ಲವೇ ಬೆಳೆಯುವ ಮೊನೆಗೆ ತಾಗದಂತೆ ಅದರ ಮೇಲ್ಭಾಗದಲ್ಲಿ ಕೊಯ್ದು ತೆಗೆಯಬಹುದು. ಎರಡನೆಯ ಬಗೆಯಲ್ಲಿ ಮರ ಮತ್ತೆ ಸುಳಿ ಬಿಡುತ್ತದೆ, ಇಳುವರಿ ಸ್ವಲ್ಪ ಕಾಲ ಕುಗ್ಗುತ್ತದೆ. ಕತ್ತಿ ಒಂದಿಷ್ಟು ಕೆಳಗಿಳಿದರೆ ಮೊನೆ ಹೋಯಿತು, ಮರವೂ ಹೋಯಿತು. ಅಷ್ಟು ವರ್ಷ ತೂಗಿ ಬರೆದ ಮರ ಅದು. ಅಭ್ಯಾಸವಿಲ್ಲದ ಕೈಗೆ ಈ ಕೆಲಸ ಕೊಡಬಾರದು.

ಕೊಳವೆಯನ್ನು ಅದೇ ದಿನ ಪ್ರಯೋಗಾಲಯಕ್ಕೆ ತರಬೇಕು. ಹೊರ ಪದರವನ್ನು ಶೇಕಡಾ 70ರ ಆಲ್ಕೋಹಾಲಿನಲ್ಲಿ ಒರೆಸಿ, ಶುದ್ಧ ಗಾಳಿ ಬೀಸುವ ಲ್ಯಾಮಿನಾರ್ ಪೆಟ್ಟಿಗೆಯ ಮುಂದೆ ಬಾಳೆದಿಂಡಿನ ಪಟ್ಟೆ ಬಿಡಿಸಿದಂತೆ ಒಂದೊಂದೇ ಪದರ ಬಿಡಿಸುತ್ತಾ ಹೋದರೆ ಒಳಗಿನ ಎಲೆ ಸಿಗುತ್ತದೆ. ಅದು ಹೊರಗಿನ ಗಾಳಿಯನ್ನೇ ಕಾಣದ ಎಲೆ, ಹೆಚ್ಚುಕಡಿಮೆ ಶುದ್ಧವಾಗಿಯೇ ಇರುತ್ತದೆ. ಅದನ್ನು ಸುಮಾರು ಒಂದು ಸೆಂಟಿಮೀಟರಿನ ಚೌಕಗಳಾಗಿ ಕತ್ತರಿಸುತ್ತಾರೆ. ಒಂದು ಮರದಿಂದ ಸಾವಿರದ ಆಸುಪಾಸು ತುಂಡು ಸಿಗುತ್ತವೆ.

ಮಾಧ್ಯಮ: ಬಾಟಲಿಯೊಳಗಿನ ಅಡುಗೆ

ತುಂಡು ಕೂತು ಬೆಳೆಯುವ ಪೋಷಕ ಹೆಪ್ಪನ್ನು ಮಾಧ್ಯಮ ಎನ್ನುತ್ತಾರೆ. ಒಂದು ಲೀಟರ್ ಮಾಧ್ಯಮ ಹೀಗೆ ಸಿದ್ಧವಾಗುತ್ತದೆ. 800 ಮಿ.ಲೀ. ಭಟ್ಟಿ ಇಳಿಸಿದ ನೀರಿಗೆ ಮುರಾಶಿಗೆ-ಸ್ಕೂಗ್ ಸೂತ್ರದ ಲವಣಗಳು (1962ರ ಈ ಸೂತ್ರವನ್ನೇ ಪ್ರಯೋಗಾಲಯದವರು ಎಂಎಸ್ ಎನ್ನುವುದು, ತೆಂಗು, ತಾಳೆಗೆ ವೈ3 ಎಂಬ ಇನ್ನೊಂದು ಸೂತ್ರವೂ ಬಳಕೆಯಲ್ಲಿದೆ). ಇಪ್ಪತ್ತು ಪಟ್ಟು ಗಟ್ಟಿ ಮಾಡಿಟ್ಟ ಪ್ರಧಾನ ಲವಣದ ದ್ರಾವಣ 50 ಮಿ.ಲೀ., ನೂರು ಪಟ್ಟು ಗಟ್ಟಿಯ ಲಘು ಪೋಷಕಾಂಶ, ಕಬ್ಬಿಣ, ವಿಟಮಿನ್‌ಗಳದ್ದು ತಲಾ 10 ಮಿ.ಲೀ. ಸಕ್ಕರೆ 30 ಗ್ರಾಂ. ಬಾಟಲಿಯ ತುಂಡು ಕತ್ತಲಲ್ಲಿರುತ್ತದೆ, ಅದು ತನ್ನ ಆಹಾರ ತಾನು ಮಾಡಿಕೊಳ್ಳಲಾರದು. ಸಕ್ಕರೆಯೇ ಅದರ ಊಟ. ಆಮೇಲೆ 2,4-ಡಿ (ಇದರ ಕೆಲಸ, ಪ್ರಮಾಣ ಮುಂದೆ ಬರುತ್ತದೆ). ಪಿಎಚ್ ಅನ್ನು 5.7ಕ್ಕೆ ತಂದು, ನೀರು ಸೇರಿಸಿ ಲೀಟರ್ ಮಾಡಿ, ಹೆಪ್ಪುಗಟ್ಟಿಸುವ ಅಗಾರ್ 7ರಿಂದ 8 ಗ್ರಾಂ, ಸಕ್ರಿಯ ಇದ್ದಿಲು 2.5 ಗ್ರಾಂ ಹಾಕಿ ಕಾಯಿಸಿ, ಬಾಟಲಿಗೆ ಸುರಿದು, 121 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಚದರ ಅಂಗುಲಕ್ಕೆ 15 ಪೌಂಡ್ ಒತ್ತಡದಲ್ಲಿ 20 ನಿಮಿಷ ಆಟೋಕ್ಲೇವ್ ಮಾಡುವುದು, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಿ ಸೂಕ್ಷ್ಮಜೀವಿಗಳನ್ನು ಕೊಲ್ಲುವುದು.

ತಪ್ಪುವುದು ಸಣ್ಣಪುಟ್ಟ ಜಾಗಗಳಲ್ಲಿ. ಪಿಎಚ್ ನೋಡುವುದನ್ನು ಅಗಾರ್ ಹಾಕುವ ಮೊದಲೇ ಮುಗಿಸಬೇಕು. ಪಿಎಚ್ 5ರತ್ತ ಇಳಿದಿದ್ದರೆ ಅಗಾರ್ ಹೆಪ್ಪುಗಟ್ಟದೆ ಗಂಜಿಯಂತೆ ಉಳಿಯುತ್ತದೆ, ತುಂಡು ಅದರಲ್ಲಿ ಮುಳುಗಿ ಉಸಿರುಗಟ್ಟುತ್ತದೆ. ಆಟೋಕ್ಲೇವಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಸಕ್ಕರೆ ಕಂದಿ, ಪಿಎಚ್ ಇನ್ನೂ ಇಳಿಯುತ್ತದೆ. ಇದ್ದಿಲು ಭಾರ, ಬಿಸಿ ಮಾಧ್ಯಮದಲ್ಲಿ ತಳಕ್ಕೆ ಕೂರುತ್ತದೆ. ಹಾಗೇ ಬಿಟ್ಟರೆ ಕೆಳಗೆ ಕಪ್ಪು ಗಸಿ, ಮೇಲೆ ಬಿಳಿ ಅಗಾರ್. ತುಂಡು ಕೂರುವುದು ಮೇಲೆ, ಇದ್ದಿಲು ಇರುವುದು ಕೆಳಗೆ. ಬಾಟಲಿಯನ್ನು ಹೆಪ್ಪುಗಟ್ಟುವ ಹೊತ್ತಿಗೆ ಮೆಲ್ಲಗೆ ತಿರುವಿ ತಿರುವಿ ಬಣ್ಣ ಒಂದೇ ಸಮ ಮಾಡಬೇಕು.

ಇದ್ದಿಲು ಏಕೆ? ಬಾಳೆಕಾಯಿ ಹೆಚ್ಚಿದ ಕೂಡಲೇ ಕಪ್ಪಾಗುತ್ತದೆಂದು ಮಜ್ಜಿಗೆ ನೀರಿಗೆ ಹಾಕುತ್ತೇವಲ್ಲ, ಅದೇ ತೊಂದರೆ ಇಲ್ಲಿಯೂ. ಕೊಯ್ದ ತಾಳೆ ಎಲೆಯಿಂದ ಫೀನಾಲ್ ಒಸರುತ್ತದೆ, ಗಾಳಿ ಸೇರಿ ಕಂದಾಗಿ ತುಂಡನ್ನೇ ಕೊಲ್ಲುತ್ತದೆ. ಇದ್ದಿಲು ಅದನ್ನು ಹೀರಿಕೊಳ್ಳುತ್ತದೆ. ಆದರೆ ಅದಕ್ಕೆ ಬೇಕಾದದ್ದು ಬೇಡದ್ದು ಎಂಬ ಭೇದವಿಲ್ಲ, 2,4-ಡಿಯನ್ನೂ ಹೀರುತ್ತದೆ. ಈ 2,4-ಡಿ ಬೇರೆ ಯಾವುದೂ ಅಲ್ಲ, ಜೋಳದ ಹೊಲದಲ್ಲಿ ಅಗಲ ಎಲೆಯ ಕಳೆಗೆ ಹೊಡೆಯುವ ಅದೇ ವಸ್ತು. ಹೊಲದಲ್ಲಿ ಕಳೆಯನ್ನು ಕೊಲ್ಲುವ ಪ್ರಮಾಣ ಒಂದು. ಮಿಲಿಗ್ರಾಂ ಲೆಕ್ಕದಲ್ಲಿ ಕೊಟ್ಟಾಗ ಅದು ಎಲೆಯ ಕೋಶಕ್ಕೆ ನೀನು ಎಲೆ ಎಂಬುದನ್ನು ಮರೆಸಿ ಮತ್ತೆ ಒಡೆಯಲು ಹಚ್ಚುತ್ತದೆ. ಇದ್ದಿಲಿಲ್ಲದ ಮಾಧ್ಯಮಕ್ಕೆ ಲೀಟರಿಗೆ ಕೆಲವೇ ಮಿ.ಗ್ರಾಂ ಸಾಕಾದರೆ ಇದ್ದಿಲಿರುವ ಮಾಧ್ಯಮಕ್ಕೆ 50ರಿಂದ 100 ಮಿ.ಗ್ರಾಂವರೆಗೆ ಹಾಕುತ್ತಾರೆ. ಒಂದು ಸೂತ್ರದ 2,4-ಡಿ ಪ್ರಮಾಣವನ್ನು ಇನ್ನೊಂದು ಸೂತ್ರದ ಇದ್ದಿಲಿನ ಜೊತೆ ಬೆರೆಸಿದವರು ಒಂದೋ ಏನೂ ಆಗದ ತುಂಡು ನೋಡುತ್ತಾರೆ, ಇಲ್ಲವೇ ಸುಟ್ಟ ತುಂಡು. 2,4-ಡಿ ಬರೀ ನೀರಿನಲ್ಲಿ ಸರಿಯಾಗಿ ಕರಗದು. ಮೊದಲು ಸ್ವಲ್ಪ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕರಗಿಸಿ ಆಮೇಲೆ ನೀರು ಸೇರಿಸಿ, ಮಿ.ಲೀ.ಗೆ 10 ಮಿ.ಗ್ರಾಂ ಇರುವಂತೆ ಮಾಡಿಟ್ಟುಕೊಂಡರೆ ಲೀಟರಿಗೆ 10 ಮಿ.ಲೀ. ಹಾಕಿದಾಗ 100 ಮಿ.ಗ್ರಾಂ ಲೆಕ್ಕ ಸರಿಹೋಗುತ್ತದೆ.

ಗಂಟು, ಮುತ್ತು, ಮೊಳಕೆ

ತುಂಡು ಇಟ್ಟ ಬಾಟಲಿ 27 ಡಿಗ್ರಿಯ ಆಸುಪಾಸಿನಲ್ಲಿ, ಕತ್ತಲೆ ಕೋಣೆಯಲ್ಲಿ ತಿಂಗಳುಗಟ್ಟಲೆ ಕೂರುತ್ತದೆ. ಮೊದಲ ವಾರ ನೋಡಬೇಕಾದದ್ದು ಸೋಂಕು. ತುಂಡಿನ ಸುತ್ತ ಹಾಲು ಚೆಲ್ಲಿದಂಥ ಮಸುಕು ವರ್ತುಲ ಬಂದರೆ ಬ್ಯಾಕ್ಟೀರಿಯಾ, ಹತ್ತಿಯಂಥ ನೂಲು ಎದ್ದರೆ ಬೂಷ್ಟು. ಅಂಥ ಬಾಟಲಿಯ ಮುಚ್ಚಳ ತೆಗೆಯದೆ, ಮುಚ್ಚಿದಂತೆಯೇ ಆಟೋಕ್ಲೇವಿಗೆ ಹಾಕಿ ಆಮೇಲೆ ತೊಳೆಯಬೇಕು. ಕುತೂಹಲಕ್ಕೆ ತೆರೆದರೆ ಬೂಷ್ಟಿನ ಬೀಜಕಣ ಕೋಣೆ ತುಂಬ ಹರಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಗೋಡೆ, ಪುಸ್ತಕ, ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿನಲ್ಲಿ ಪ್ರಯೋಗಾಲಯ ನಡೆಸುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಎಚ್ಚರವನ್ನು ಇಮ್ಮಡಿ ಮಾಡಬೇಕು. ಕೋಣೆಯ ತೇವ ಇಳಿಸುವ ಯಂತ್ರವನ್ನು ಅಲ್ಲಿ ಐಷಾರಾಮ ಎನ್ನಲಾಗದು.

ಎರಡು ಮೂರು ತಿಂಗಳಾಗುವ ಹೊತ್ತಿಗೆ, ಕೆಲವೊಮ್ಮೆ ಇನ್ನೂ ತಡವಾಗಿ, ಎಲೆಯ ನರದ ಗುಂಟ ಹಳದಿ ಮಿಶ್ರಿತ ಬಿಳಿ ಗಂಟುಗಳು ಏಳುತ್ತವೆ. ಇದೇ ಕ್ಯಾಲಸ್. ಇಟ್ಟ ತುಂಡುಗಳಲ್ಲಿ ನೂರಕ್ಕೆ ಸುಮಾರು ಇಪ್ಪತ್ತು ಗಂಟು ಕೊಡುತ್ತವೆ. ಎಲ್ಲ ಗಂಟೂ ಒಂದೇ ಅಲ್ಲ. ನೀರು ತುಂಬಿ ಮೆತ್ತಗಿರುವ, ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿ ಕಾಣುವ ಗಂಟು ಎಷ್ಟು ಬೆಳೆದರೂ ಸಸಿ ಕೊಡುವುದು ಅಪರೂಪ. ಗಟ್ಟಿಯಾಗಿ, ಕೆನೆ ಬಣ್ಣದಲ್ಲಿ, ನೆನೆಸಿದ ಸಬ್ಬಕ್ಕಿಯಂತೆ ಸಣ್ಣ ಸಣ್ಣ ಗುಂಡುಗಳಾಗಿ ಒಡೆಯುವುದೇ ಬೇಕಾದದ್ದು. ಅಂಥದ್ದನ್ನು ಕಣ್ಣಳತೆಯಲ್ಲಿ ಆರಿಸಿ ಹೊಸ ಮಾಧ್ಯಮಕ್ಕೆ ಹಾಕಿ, 2,4-ಡಿಯನ್ನು ಹಂತ ಹಂತವಾಗಿ ಇಳಿಸುತ್ತಾರೆ. ಆಗ ಕೆಲವು ಗಂಟಿನ ಮೇಲೆ ಮುತ್ತಿನಂಥ ಬಿಳಿ ಭ್ರೂಣ ಕಾಣಿಸಿಕೊಳ್ಳುತ್ತದೆ. ಗಂಟುಗಳಲ್ಲಿ ಇಷ್ಟು ದೂರ ಬರುವುದು ನೂರಕ್ಕೆ ಮೂರರಿಂದ ಆರು ಮಾತ್ರ.

ಲೆಕ್ಕ ಹಾಕಿ ನೋಡೋಣ. ಸಾವಿರ ತುಂಡು ಇಟ್ಟರೆ ಗಂಟು ಬಂದದ್ದು ಇನ್ನೂರು. ಅದರಲ್ಲಿ ನೂರಕ್ಕೆ ಐದರಂತೆ ಭ್ರೂಣ ಕೊಟ್ಟದ್ದು ಹತ್ತು. ಸಾವಿರ ತುಂಡಿನ ಕೆಲಸ ಹತ್ತು ಸಾಲುಗಳಿಗೆ ಇಳಿಯಿತು (ಒಂದು ತುಂಡಿನ ಗಂಟಿನಿಂದ ಬಂದ ಸಂತತಿಯೆಲ್ಲ ಸೇರಿ ಒಂದು ಸಾಲು). ಆದರೆ ಭ್ರೂಣ ಬರಲು ಶುರುವಾದ ಸಾಲು ನಿಲ್ಲುವುದಿಲ್ಲ. ಒಂದು ಭ್ರೂಣದ ಮೈಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಪ್ರತಿ ಸಲ ಬಿಡಿಸಿ ಹೊಸ ಬಾಟಲಿಗೆ ಹಾಕಿದಾಗಲೂ ಇನ್ನಷ್ಟು. ಹತ್ತು ಸಾಲಿನಿಂದ ತಲಾ ನೂರು ಸಸಿ ತೆಗೆದರೆ ಸಾವಿರ ಸಸಿ, ಏಳು ಹೆಕ್ಟೇರಿಗೆ ಸರಿಯಾಗಿ ಸಾಕು. ಒಂದೇ ಸಾಲನ್ನು ವರ್ಷಗಟ್ಟಲೆ ಎಳೆದು ಐದು ಸಾವಿರ ಸಸಿ ತೆಗೆದರೆ ಮೂವತ್ತೈದು ಹೆಕ್ಟೇರ್ ತುಂಬುತ್ತದೆ, ಖರ್ಚೂ ಕಡಿಮೆ. ಅಷ್ಟೂ ಮರ ಒಂದು ಸೆಂಟಿಮೀಟರಿನ ಒಂದೇ ಎಲೆ ತುಂಡಿನ ಮಕ್ಕಳು. ಪ್ರಯೋಗಾಲಯದ ಒಳ್ಳೆಯತನ ಕೆಟ್ಟತನ ಗೊತ್ತಾಗುವುದು ಇಲ್ಲೇ. ಸಾಲಿಗೆ ಇಷ್ಟೇ ಸಸಿ, ಇಷ್ಟೇ ತಿಂಗಳು ಎಂಬ ಮಿತಿ ಇಟ್ಟುಕೊಂಡವರೇ ಈ ಕೆಲಸ ಬಲ್ಲವರು.

ಮುಂದಿನ ಹಂತಗಳು ಬೇರೆ ಬೆಳೆಗಳಂತೆಯೇ. ಬೆಳಕಿಗೆ ತಂದಾಗ ಭ್ರೂಣ ಹಸಿರಾಗಿ ಕುಡಿ ಬಿಡುತ್ತದೆ. ಎರಡು ಮೂರು ಎಲೆ ಬಂದ ಕುಡಿಯನ್ನು ಎನ್‌ಎಎ ಎಂಬ ಬೇರು ಬರಿಸುವ ಹಾರ್ಮೋನು ಇರುವ ಮಾಧ್ಯಮಕ್ಕೆ ಹಾಕಿ ಬೇರು ಬರಿಸುತ್ತಾರೆ. ತಾಯಿ ಮರ ಕೊಯ್ದ ದಿನದಿಂದ ಬೇರು ಬಿಟ್ಟ ಸಸಿಯವರೆಗೆ ಎರಡರಿಂದ ಮೂರು ವರ್ಷ, ಕೆಲವು ಮರಗಳಲ್ಲಿ ಅದಕ್ಕೂ ಹೆಚ್ಚು. ಕೆಲವು ತಾಯಿ ಮರಗಳು ಏನು ಮಾಡಿದರೂ ಒಪ್ಪುವುದಿಲ್ಲ.

ಕಾಯಿಯ ಸುತ್ತ ಆರು ಬೆರಳು

1980ರ ದಶಕದ ನಡುವಿಗೆ ಮಲೇಷ್ಯಾದ ತೋಟಗಳಲ್ಲಿ ತದ್ರೂಪಿ ಮರಗಳು ಹೂ ಬಿಡತೊಡಗಿದಾಗ ಯಾರೂ ಎಣಿಸದ ಒಂದು ವಿಷಯ ಕಂಡಿತು. ಎಣ್ಣೆ ತಾಳೆಯ ಹೆಣ್ಣು ಹೂವಿನಲ್ಲಿ ಬೆಳೆಯದೆ ಉಳಿದ ಗಂಡು ಭಾಗದ ಕುರುಹುಗಳು ಸುತ್ತಲೂ ಆರು ಇರುತ್ತವೆ. ಈ ಮರಗಳಲ್ಲಿ ಆ ಆರೂ ಕುರುಹುಗಳು ಕಾಯಿಯ ಭಾಗಗಳಾಗಿ ಉಬ್ಬಿದ್ದವು. ಸಾಮಾನ್ಯ ಕಾಯಿ ನುಣುಪಾಗಿ, ಬುಡ ದಪ್ಪ, ತುದಿ ಚೂಪಾಗಿ ಇರುತ್ತದೆ. ಈ ಕಾಯಿಯನ್ನು ಅಂಗೈಯಲ್ಲಿ ಇಟ್ಟು ನೋಡಿದರೆ ನಡುವೆ ಒಂದು ಕಾಯಿ, ಅದನ್ನು ಬೆರಳುಗಳಿಂದ ಹಿಡಿದುಕೊಂಡಂತೆ ಸುತ್ತ ಆರು ತಿರುಳಿನ ಹೋಳುಗಳು. ಸೌಮ್ಯವಾಗಿದ್ದರೆ ಕಾಯಿ ಬಲಿಯುತ್ತದೆ, ಎಣ್ಣೆಯೂ ಸಿಗುತ್ತದೆ. ತೀವ್ರವಾಗಿದ್ದರೆ ಕಾಯಿ ಕಚ್ಚುವುದಿಲ್ಲ, ಗೊನೆ ಕಪ್ಪಾಗಿ ಅಲ್ಲೇ ಕೊಳೆಯುತ್ತದೆ. ಗಂಡು ಹೂವಿನಲ್ಲೂ ಪರಾಗ ಬರಬೇಕಾದ ಜಾಗ ಹೀಗೇ ಕೆಡುತ್ತದೆ. ಇದಕ್ಕೆ ಮ್ಯಾಂಟಲ್ಡ್, ಅಂದರೆ ಹೊದಿಕೆ ಹೊದ್ದ ಕಾಯಿ ಎಂಬ ಹೆಸರು ಬಂತು. ಒಂದು ಸಾಲಿನಲ್ಲಿ ಒಂದೂ ಇಲ್ಲ, ಅದೇ ತಾಯಿ ಮರದ ಇನ್ನೊಂದು ಸಾಲಿನಲ್ಲಿ ಬಹುಪಾಲು. ಎಲೆ, ಕಾಂಡ, ಎತ್ತರ ಎಲ್ಲವೂ ಸರಿ. ನರ್ಸರಿಯಲ್ಲಿ ನೋಡಿದವರಿಗೆ ಏನೂ ಗೊತ್ತಾಗದು.

ವಂಶವಾಹಿ ಕೆಟ್ಟಿದೆಯೇ ಎಂದು ಹುಡುಕಿದರೆ ಕೆಟ್ಟಿರಲಿಲ್ಲ. ಇದು ಹೇಗೆ ಸಾಧ್ಯ ಎಂಬುದಕ್ಕೆ ಚಿಕ್ಕಮಗಳೂರಿನ ಮೆಣಸಿನ ಬಳ್ಳಿಯೇ ಉತ್ತರ ಹೇಳುತ್ತದೆ. ಬುಡದಿಂದ ನೆಲದ ಮೇಲೆ ಹರಿಯುವ ಹಬ್ಬುಬಳ್ಳಿಯ ತುಂಡು ನೆಟ್ಟರೆ ಅದು ಸಿಲ್ವರ್ ಓಕ್ ಮರ ಹತ್ತುತ್ತದೆ. ಅದೇ ಬಳ್ಳಿಯಲ್ಲಿ ಕಾಳು ಕಚ್ಚುವ ಅಡ್ಡ ರೆಂಬೆಗೆ ಬೇರು ಬರಿಸಿ ಕುಂಡದಲ್ಲಿಟ್ಟರೆ ಅದು ಹತ್ತುವುದಿಲ್ಲ, ಪೊದೆಯಾಗಿ ಕೂತು ಅಲ್ಲೇ ಕಾಳು ಬಿಡುತ್ತದೆ. ಬುಷ್ ಪೆಪ್ಪರ್ ಎಂದು ಮಾರುವುದು ಇದನ್ನೇ. ಕಾಫಿಯಲ್ಲೂ ಅಷ್ಟೇ: ನೇರ ಚಿಗುರಿನ ಕಡ್ಡಿ ನೆಟ್ಟರೆ ಗಿಡ ನೇರ, ಅಡ್ಡ ರೆಂಬೆಯ ಕಡ್ಡಿ ನೆಟ್ಟರೆ ಗಿಡ ಅಡ್ಡಡ್ಡ. ವಂಶವಾಹಿ ಎರಡು ತುಂಡಿನಲ್ಲೂ ಒಂದೇ. ಯಾವುದನ್ನು ಓದಬೇಕು, ಯಾವುದನ್ನು ಮುಚ್ಚಿಡಬೇಕು ಎಂಬ ಗುರುತು ಮಾತ್ರ ಬೇರೆ, ಆ ಗುರುತನ್ನು ಅಂಗಾಂಶ ನೆನಪಿಟ್ಟುಕೊಂಡಿರುತ್ತದೆ. ಕೋಶವು ಮೀಥೈಲ್ ಎಂಬ ಸಣ್ಣ ರಾಸಾಯನಿಕ ಮುದ್ರೆಗಳನ್ನು ಡಿಎನ್ಎ ಮೇಲೆ ಒತ್ತಿ ಈ ಬಗೆಯ ನೆನಪು ಇಟ್ಟುಕೊಳ್ಳಬಲ್ಲದು.

ತಾಳೆಯಲ್ಲಿ ಹೂವಿನ ಭಾಗಗಳಿಗೆ ನೀನು ಗಂಡು, ನೀನು ಹೆಣ್ಣು ಎಂದು ಹೇಳುವ ಡೆಫಿಷಿಯನ್ಸ್ ಎಂಬ ವಂಶವಾಹಿಯ ಒಳಗೆ ಕರ್ಮ ಎಂಬ ಹೆಸರಿನ, ಡಿಎನ್ಎಯದೇ ಒಂದು ಅನ್ಯ ತುಂಡು ಸೇರಿಕೊಂಡಿದೆ. (ಹೆಸರು ನಮ್ಮ ಕರ್ಮವೇ, ವಿಜ್ಞಾನಿಗಳು ಬೇಕೆಂದೇ ಇಟ್ಟದ್ದು.) ಪುಸ್ತಕದ ನಡುವೆ ಸಂಬಂಧವಿಲ್ಲದ ಹಾಳೆಯೊಂದು ಹೊಲಿಗೆಯಲ್ಲಿ ಸೇರಿಹೋಗಿದೆ, ಅದನ್ನು ಅಂಟು ಹಾಕಿ ಮುಚ್ಚಿದ್ದಾರೆ ಎಂದುಕೊಳ್ಳಿ. ಅಂಟು ಗಟ್ಟಿಯಿರುವತನಕ ಓದುವವರು ಆ ಹಾಳೆ ದಾಟಿ ಕೊನೆಯವರೆಗೆ ಓದುತ್ತಾರೆ. ಅಂಟು ಬಿಟ್ಟರೆ ಆ ಹಾಳೆಯನ್ನೇ ಓದಿ, ಪಾಠ ಅಲ್ಲಿಗೆ ಮುಗಿಯಿತೆಂದು ನಿಲ್ಲಿಸುತ್ತಾರೆ. ಇಲ್ಲಿ ಅಂಟು ಎಂದರೆ ಮೀಥೈಲ್ ಮುದ್ರೆ. ಎಲೆ ಗಂಟಾಗಿ, ಗಂಟು ಭ್ರೂಣವಾಗಿ, ಭ್ರೂಣ ಮತ್ತೆ ಮತ್ತೆ ಒಡೆಯುವ ಕಾಲದಲ್ಲಿ ಕೆಲವು ಕೋಶಗಳಲ್ಲಿ ಆ ಮುದ್ರೆ ಅಳಿಸಿಹೋಗುತ್ತದೆ. ಹೂವಿಗೆ ಸಿಗುವ ಸಂದೇಶ ಅರ್ಧಕ್ಕೇ ತುಂಡಾಗುತ್ತದೆ, ಗಂಡಾಗಬೇಕಾದ ಜಾಗ ಹೆಣ್ಣಾಗುತ್ತದೆ. ಮಲೇಷ್ಯಾ ತಾಳೆ ಎಣ್ಣೆ ಮಂಡಳಿಯ ತಂಡ 2015ರಲ್ಲಿ ಇದನ್ನು ಪ್ರಕಟಿಸಿತು. ಮುದ್ರೆ ಉಳಿದ ಸಸಿಯನ್ನು ಒಳ್ಳೆಯ ಕರ್ಮ, ಅಳಿದದ್ದನ್ನು ಕೆಟ್ಟ ಕರ್ಮ ಎಂದು ಕರೆದರು. ಇದರಿಂದ ಸಿಕ್ಕ ದೊಡ್ಡ ಲಾಭವೆಂದರೆ, ಹೂವಿಗಾಗಿ ವರ್ಷಗಟ್ಟಲೆ ಕಾಯದೆ ಸಸಿಯ ಎಲೆಯಲ್ಲಿ ಒಂದು ತೂತು ಹೊಡೆದು ತೆಗೆದ ಬಿಲ್ಲೆಯಿಂದಲೇ ಆ ಮುದ್ರೆ ಇದೆಯೇ ಎಂದು ನೋಡಬಹುದು.

ಪರೀಕ್ಷೆ ಇದ್ದರೂ ಸಾಲಿನ ಮಿತಿ ಸಡಿಲಿಸಬಾರದು ಎಂಬುದು ನಮ್ಮ ನಿಲುವು. ಈ ಪರೀಕ್ಷೆ ನೋಡುವುದು ಒಂದು ಜಾಗದ ಮುದ್ರೆಯನ್ನು. ದೀರ್ಘ ಕಾಲ ಬಾಟಲಿಯಲ್ಲಿ ಬೆಳೆದ ಕೋಶದಲ್ಲಿ ಬೇರೆ ಬದಲಾವಣೆಗಳೂ ಆಗುತ್ತವೆ. ಬಾಳೆಯಂಥ ಸರಳ ಬೆಳೆಯಲ್ಲೇ ಮರುಕೃಷಿಯನ್ನು, ಅಂದರೆ ಬಿಡಿಸಿ ಹೊಸ ಬಾಟಲಿಗೆ ಹಾಕುವುದನ್ನು, ಎಂಟು ಸುತ್ತಿನ ಆಸುಪಾಸಿಗೆ ನಿಲ್ಲಿಸುವ ಪದ್ಧತಿ ಇರುವಾಗ, ಕ್ಯಾಲಸ್ ದಾಟಿ ಬರುವ ತಾಳೆಗೆ ಇನ್ನೂ ಬಿಗಿ ಬೇಕು. ಆರಂಭದ ಭ್ರೂಣಗಳನ್ನು ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಕಾದಿಟ್ಟು, ಹೊಲದಲ್ಲಿ ಆ ಸಾಲು ಚೆನ್ನಾಗಿದೆ ಎಂದಾದ ಮೇಲೆ ಮತ್ತೆ ಎಬ್ಬಿಸಿ ಬಳಸುವ ದಾರಿಯೂ ಇದೆ. ಇನ್ನೊಂದು ದಾರಿ ನಮಗೆ ಹೆಚ್ಚು ಹಿಡಿಸುವುದು: ತೋಟಕ್ಕೆ ತದ್ರೂಪಿ ನೆಡುವ ಬದಲು ಶ್ರೇಷ್ಠ ಡ್ಯೂರಾ ಅಥವಾ ಪಿಸಿಫೆರಾ ಮರವನ್ನು ಮಾತ್ರ ತದ್ರೂಪಿ ಮಾಡಿ, ಅದು ಸರಿಯಾಗಿ ಹೂ ಬಿಡುವುದನ್ನು ಕಣ್ಣಾರೆ ನೋಡಿ, ಆಮೇಲೆ ಅದನ್ನು ಬೀಜ ತೋಟದ ತಂದೆ ತಾಯಿಯಾಗಿ ಬಳಸುವುದು. ಬೇಕಾದದ್ದು ಕೆಲವೇ ಮರ, ಸಿಗುವುದು ಲಕ್ಷಗಟ್ಟಲೆ ಬೀಜ.

ಬಾಟಲಿಯಿಂದ ಮಣ್ಣಿಗೆ

ಬಾಟಲಿಯ ಸಸಿಗೆ ಬಿಸಿಲು, ಗಾಳಿ ಏನೂ ಗೊತ್ತಿಲ್ಲ. ಎಲೆಯ ಮೇಲೆ ಮೇಣದ ಪದರ ತೆಳು, ಎಲೆಯ ರಂಧ್ರಗಳು ಮುಚ್ಚಿಕೊಳ್ಳುವುದನ್ನೇ ಕಲಿತಿಲ್ಲ. ಹೊರಗಿಟ್ಟರೆ ಗಂಟೆಯೊಳಗೆ ಬಾಡುತ್ತದೆ. ಉಗುರು ಬೆಚ್ಚನೆಯ ನೀರಿನಲ್ಲಿ ಬೇರಿನ ಅಗಾರ್ ಪೂರ್ತಿ ಹೋಗುವಂತೆ ತೊಳೆಯಬೇಕು. ಸಕ್ಕರೆ ಉಳಿದರೆ ಬೂಷ್ಟು ಹುಡುಕಿಕೊಂಡು ಬರುತ್ತದೆ. ಲೀಟರಿಗೆ 1 ಗ್ರಾಂ ಕಾರ್ಬೆಂಡಜಿಂನಲ್ಲಿ ಅದ್ದಿ, ತೆಂಗಿನ ನಾರಿನ ಪುಡಿ ಮತ್ತು ಮರಳಿನ ಮಿಶ್ರಣದಲ್ಲಿ ನೆಟ್ಟು, ಪಾರದರ್ಶಕ ಹೊದಿಕೆಯೊಳಗೆ ಶೇಕಡಾ 90ರ ಆಸುಪಾಸಿನ ತೇವದಲ್ಲಿ, ನೆರಳು ಬಲೆಯ ಕೆಳಗೆ ಇಡಬೇಕು. ಒಂದು ವಾರದ ಮೇಲೆ ದಿನಕ್ಕೆ ಸ್ವಲ್ಪ ಹೊತ್ತು ಹೊದಿಕೆ ತೆಗೆಯುತ್ತಾ, ಮೂರು ನಾಲ್ಕು ವಾರದಲ್ಲಿ ಪೂರ್ತಿ ತೆಗೆಯುವುದು. ಹೊಸ ಎಲೆಯೊಂದು ಹೊರಗಿನ ಗಾಳಿಯಲ್ಲೇ ಬಿಚ್ಚಿಕೊಂಡರೆ ಸಸಿ ಉಳಿಯಿತು ಎಂದುಕೊಳ್ಳಬಹುದು. ಹಳೆಯ ಎಲೆಯ ಹಸಿರನ್ನು ನಂಬಬಾರದು.

ಈ ಕೆಲಸಕ್ಕೆ ತರೀಕೆರೆಯ ಬಯಲು ಸೀಮೆಯ ಮಾರ್ಚ್, ಏಪ್ರಿಲ್ ಸರಿಯಲ್ಲ. ಗಾಳಿ ಒಣಗಿರುತ್ತದೆ, ಕರೆಂಟ್ ಹೋಗಿ ಮಂಜು ಸಿಂಪಡಿಸುವ ಯಂತ್ರ ನಿಂತರೆ ಒಂದೇ ಮಧ್ಯಾಹ್ನದಲ್ಲಿ ತಟ್ಟೆ ತಟ್ಟೆಯೇ ಹೋಗುತ್ತದೆ. ಮೂಡಿಗೆರೆ ಕಡೆಯ ಮಳೆಗಾಲದಲ್ಲಿ ತೇವ ಧಾರಾಳ, ಆದರೆ ಬೆಳಕು ಸಾಲದೆ ಸಸಿ ಸೊಟ್ಟಗೆ ಏಳುತ್ತದೆ, ಬುಡ ಕೊಳೆಯುತ್ತದೆ. ಮಳೆ ಹಿಂದೆ ಸರಿದು ಚಳಿ ಬಲಿಯುವ ಮುಂಚಿನ ಅಕ್ಟೋಬರ್ ಎರಡು ಕಡೆಗೂ ಒಪ್ಪುತ್ತದೆ. ಮೂರು ನಾಲ್ಕು ತಿಂಗಳು ಸಣ್ಣ ಚೀಲ, ಆಮೇಲೆ ದೊಡ್ಡ ಚೀಲ, ಒಟ್ಟು ಒಂದು ವರ್ಷದ ಮೇಲೆ ಮುಂಗಾರಿನಲ್ಲಿ ಹೊಲಕ್ಕೆ.

ಯಾರಾದರೂ ಅಂಗಾಂಶ ಕೃಷಿಯ ತಾಳೆ ಸಸಿ ಕೊಡುತ್ತೇವೆ ಎಂದರೆ ಕೇಳಬೇಕಾದ್ದು ಬೆಲೆಗಿಂತ ಮೊದಲು ಬೇರೆಯೇ ಇದೆ. ತಾಯಿ ಮರದ ಗೊನೆ ದಾಖಲೆ ಎಷ್ಟು ವರ್ಷದ್ದು? ಇದೇ ತದ್ರೂಪಿ ಎಲ್ಲಿಯಾದರೂ ಫಸಲು ಬಿಟ್ಟಿದೆಯೇ, ಹೋಗಿ ನೋಡಬಹುದೇ? ಒಂದು ಸಾಲಿನಿಂದ ಎಷ್ಟು ಸಸಿ ತೆಗೆದಿದ್ದೀರಿ, ಎಷ್ಟು ತಿಂಗಳು ಬಾಟಲಿಯಲ್ಲಿತ್ತು? ಎಲೆಯ ಪರೀಕ್ಷೆ ಆಗಿದೆಯೇ? ಪ್ರಯೋಗಾಲಯಕ್ಕೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲಿ ತಂದ ಅಂಗಾಂಶ ಕೃಷಿ ಪ್ರಮಾಣೀಕರಣದ ಮಾನ್ಯತೆ ಇದೆಯೇ? ಸಾಲಿನ ಸಂಖ್ಯೆ ಬರೆಯದ ಸಸಿ ಬೇಡ. ಈ ಪ್ರಶ್ನೆಗಳಿಗೆ ಉತ್ತರ ಸಿಗದಿದ್ದರೆ ಪ್ರಮಾಣಿತ ತೆನೆರಾ ಬೀಜದ ಸಸಿಯೇ ಲೇಸು. ಸಿಕ್ಕರೂ ತೋಟವಿಡೀ ಒಂದೇ ತದ್ರೂಪಿ ನೆಡದೆ ನಾಲ್ಕೈದನ್ನು ಬೆರೆಸಿ, ತೋಟದಲ್ಲಿ ಯಾವ ಜಾಗದಲ್ಲಿ ಯಾವುದು ಎಂದು ನಕ್ಷೆ ಬರೆದಿಡಬೇಕು.

ನೆಟ್ಟ ಮೇಲೂ ಒಂದು ಕೆಲಸ ಉಳಿದಿದೆ. ಎರಡು ಎರಡೂವರೆ ವರ್ಷದವರೆಗೆ ಬರುವ ಹೂಗೊಂಚಲನ್ನು ಮರ ಬಲಿಯಲೆಂದು ಕಿತ್ತು ಹಾಕುವುದು ತಾಳೆಯಲ್ಲಿ ರೂಢಿ. ತದ್ರೂಪಿ ತೋಟದಲ್ಲಿ ಕಿತ್ತ ಹೆಣ್ಣು ಗೊಂಚಲನ್ನು ಹಾಗೇ ಎಸೆಯಬೇಡಿ. ಬಿಡಿಸಿ, ಹೂವನ್ನು ಬ್ಲೇಡಿನಿಂದ ಕೊಯ್ದು, ಕೈ ಮಸೂರದಲ್ಲಿ ನೋಡಿ. ನಡುವಿನ ಅಂಡಾಶಯದ ಸುತ್ತ ಸಣ್ಣ ಹೋಳುಗಳು ಉಬ್ಬಿದ್ದರೆ ಆ ಮರದ ಕಾಂಡಕ್ಕೆ ಸುಣ್ಣದ ಗುರುತು ಹಾಕಿ, ನಕ್ಷೆಯಲ್ಲಿ ಬರೆಯಿರಿ. ಸೌಮ್ಯವಾದವು ವರ್ಷಗಳು ಕಳೆದಂತೆ ಸರಿಯಾಗುವುದುಂಟು, ಅಂಥವನ್ನು ಇನ್ನೆರಡು ಹಂಗಾಮು ನೋಡಬಹುದು. ಎಲ್ಲ ಹೂವೂ ಹಾಗೆಯೇ ಇರುವ ಮರವನ್ನು ಮಾತ್ರ ಆ ವರ್ಷದ ಮಳೆಗಾಲದಲ್ಲೇ ತೆಗೆದು ಬೇರೆ ಸಸಿ ಇಡಿ; ತಡಮಾಡಿದರೆ ಒಂಬತ್ತು ಮೀಟರ್ ಆಚೆಯ ಆರು ಮರಗಳ ಸೋಗೆ ಆ ಜಾಗದ ಮೇಲೆ ಕೂಡಿಕೊಂಡು, ಹೊಸ ಸಸಿಗೆ ಬಿಸಿಲೇ ಸಿಗುವುದಿಲ್ಲ.